ಎರಡು ಬಕೆಟ್ ನೀರಿನಲ್ಲಿ ಕಾರು ತೊಳೆಯುವ ಬಗೆ

ಬೆಳಗ್ಗೆ ಆರೂವರೆಗೆ ನಮ್ಮ ಬೀದಿಯಲ್ಲಿ ಒಂದು ಸುತ್ತು ಹಾಕಿದರೆ ನಾಲ್ಕಾರು ಮನೆಗಳ ಮುಂದೆ ಒಂದೇ ದೃಶ್ಯ ಕಾಣುತ್ತದೆ. ಕಾರಿನ ಮೇಲೆ ರಾತ್ರಿಯ ಇಬ್ಬನಿ ಇನ್ನೂ ಆರಿರುವುದಿಲ್ಲ. ಮನೆಯವರು ಹಳೆಯ ಪಂಚೆಯ ತುಂಡೋ ಬನಿಯನ್ನೋ ಹಿಡಿದು ಆ ತೇವದಲ್ಲೇ ಬಾನೆಟ್ಟಿನಿಂದ ಡಿಕ್ಕಿಯವರೆಗೆ ಸರಸರನೆ ಒರೆಸುತ್ತಾರೆ. ಐದು ನಿಮಿಷದಲ್ಲಿ ಕಾರು ಫಳಫಳ ಹೊಳೆಯುತ್ತದೆ. ನೀರಿನ ಖರ್ಚೂ ಇಲ್ಲ. ನಾನೂ ನಾಲ್ಕು ವರ್ಷ ಹೀಗೆಯೇ ಮಾಡಿದೆ. ಒಂದು ರಾತ್ರಿ ಪೆಟ್ರೋಲ್ ಬಂಕಿನ ಬಿಳಿ ದೀಪದ ಕೆಳಗೆ ನಿಂತಾಗ ನನ್ನ ಕಪ್ಪು ಕಾರಿನ ಬಾನೆಟ್ಟಿನ ಮೇಲೆ ಜೇಡರ ಬಲೆ ಹರಡಿದ ಹಾಗೆ ಲೆಕ್ಕವಿಲ್ಲದಷ್ಟು ಸಣ್ಣ ಗೀರುಗಳು ಕಂಡವು. ಯಾರೂ ಬೇಕೆಂದು ಗೀಚಿದ್ದಲ್ಲ. ದಿನಾ ಬೆಳಗ್ಗೆ ನಾನೇ ಒರೆಸಿ ಒರೆಸಿ ಎಬ್ಬಿಸಿದ ಗೀರುಗಳು ಅವು.

ಕಾರನ್ನು ಮನೆಯಲ್ಲೇ ಚೊಕ್ಕಟವಾಗಿ ಇಟ್ಟುಕೊಳ್ಳಬೇಕು ಅನ್ನುವವರಿಗೆ ಮೊದಲು ಹೇಳಬೇಕಾದ ಮಾತು ಇದು: ಒರೆಸುವುದು ಬೇರೆ, ತೊಳೆಯುವುದು ಬೇರೆ. ದೂಳನ್ನು ಮೊದಲು ನೀರು ಕರೆದುಕೊಂಡು ಹೋಗಬೇಕು. ಬಟ್ಟೆ ಮುಟ್ಟುವುದು ಆಮೇಲೆ. ಈ ಕ್ರಮ ತಪ್ಪದಿದ್ದರೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ತೊಳೆದರೆ ಸಾಕು. ಒಮ್ಮೆ ತೊಳೆಯಲು 40 ಲೀಟರ್, ಅಂದರೆ 20 ಲೀಟರಿನ ಎರಡು ಬಕೆಟ್ ನೀರು ಸಾಕು.

ಯಾಕೆ ಹೀಗೆ ಅನ್ನುವುದು ತಿಳಿಯಬೇಕಾದರೆ ಕಾರಿನ ಬಣ್ಣದ ರಚನೆ ಸ್ವಲ್ಪ ಗೊತ್ತಿರಬೇಕು. ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್ ಎಂಬ ಅಸ್ತರಿನ ಪದರ, ಆಮೇಲೆ ನಮಗೆ ಕಾಣುವ ಬಣ್ಣ. ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ, ಗಾಜಿನಂತೆ ಪಾರದರ್ಶಕವಾದ ಒಂದು ಪದರ. ಈಗಿನ ಹೆಚ್ಚಿನ ಕಾರುಗಳಲ್ಲಿ ಹೊಳಪು ಬರುವುದು ಇದರಿಂದಲೇ. ಎಲ್ಲ ಪದರ ಸೇರಿದರೂ ದಪ್ಪ ಸುಮಾರು 100ರಿಂದ 150 ಮೈಕ್ರಾನ್. ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 40–50 ಮೈಕ್ರಾನ್ ಇರಬಹುದು. ನಮ್ಮ ತಲೆಗೂದಲು ಇದಕ್ಕಿಂತ ದಪ್ಪ.

ಇನ್ನು ದೂಳು. ರಸ್ತೆಯ ದೂಳಿನಲ್ಲಿ ಮಣ್ಣಿನ ಜೊತೆಗೆ ಬೆಣಚುಕಲ್ಲಿನ ನುಣ್ಣನೆಯ ಹರಳುಗಳಿರುತ್ತವೆ. ಮರಳಿನಲ್ಲಿ ಮಿನುಗುತ್ತದಲ್ಲ, ಅದೇ ವಸ್ತು. ಇದು ಚಾಕುವಿನ ಉಕ್ಕಿಗಿಂತಲೂ ಗಡಸು. ಒಣ ಬಟ್ಟೆಯಿಂದ ಒರೆಸಿದಾಗ ಈ ಹರಳುಗಳು ಬಟ್ಟೆಯ ಅಡಿಯಲ್ಲಿ ಸಿಕ್ಕಿಕೊಂಡು ಉದ್ದಕ್ಕೂ ಉಜ್ಜಿಕೊಂಡು ಹೋಗುತ್ತವೆ. ಉಪ್ಪುಕಾಗದ ತಿಕ್ಕಿದ ಹಾಗೆ. ಇಬ್ಬನಿಯ ತೇವ ಇದ್ದರೆ ಪರವಾಗಿಲ್ಲ ಅಲ್ಲವೇ ಎಂದು ಕೇಳಬಹುದು. ಇಬ್ಬನಿ ದೂಳನ್ನು ನೆನೆಸುತ್ತದೆ, ಕೊಚ್ಚಿಕೊಂಡು ಹೋಗುವಷ್ಟು ಅದರಲ್ಲಿ ನೀರಿರುವುದಿಲ್ಲ. ಮೇಲೆ ತೆಳುವಾದ ಕೆಸರಾಗುತ್ತದೆ, ಅದನ್ನೇ ನಾವು ಉಜ್ಜುತ್ತೇವೆ. ಉದ್ದ ನೂಲಿನ ಡಸ್ಟರ್ ಕೋಲಿನ ಕತೆಯೂ ಇಷ್ಟೇ. ಬಿಳಿ, ಬೆಳ್ಳಿ ಬಣ್ಣದ ಕಾರುಗಳಲ್ಲಿ ಗೀರು ಎದ್ದು ಕಾಣುವುದಿಲ್ಲ, ಆದರೆ ಬಿದ್ದಿರುತ್ತದೆ.

ಹಾಗಾದರೆ ದೂಳು ಕೂತಿರಲಿ ಎಂದು ಬಿಡಬಹುದೇ? ಎರಡು ದಿನ ಬಿಡಬಹುದು. ನಿಂತಲ್ಲೇ ಇರುವ ಒಣ ದೂಳು ಬಣ್ಣಕ್ಕೆ ಅಂಥ ಕೇಡು ಮಾಡುವುದಿಲ್ಲ. ತಡಮಾಡಬಾರದ್ದು ಮೂರು. ಮೊದಲನೆಯದು ಹಕ್ಕಿಯ ಹಿಕ್ಕೆ. ಅದರಲ್ಲಿ ಯೂರಿಕ್ ಆಮ್ಲ ಇರುತ್ತದೆ. ಬಿಸಿಲಿಗೆ ಕಾದ ಬಾನೆಟ್ಟಿನ ಮೇಲೆ ಒಂದೆರಡು ದಿನ ಬಿಟ್ಟರೆ ಕ್ಲಿಯರ್ ಕೋಟಿನ ಮೇಲೆ ಅಚ್ಚು ಒತ್ತಿದಂತೆ ಕಲೆ ಉಳಿಯುತ್ತದೆ. ಎರಡನೆಯದು ಮರದ ಅಂಟು ಮತ್ತು ಸೊನೆ. ಮಾವಿನ ಮರದ ಕೆಳಗೆ ನಿಲ್ಲಿಸುವವರಿಗೆ ಇದು ಚೆನ್ನಾಗಿ ಗೊತ್ತು. ಮೂರನೆಯದು ಕಡಲ ಉಪ್ಪು. ಇವನ್ನು ಕಂಡ ದಿನವೇ ತೆಗೆಯಿರಿ. ಹಿಕ್ಕೆಯನ್ನು ಉಗುರಿನಿಂದ ಕೆರೆಯಬೇಡಿ. ಒದ್ದೆ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಹಾಸಿಡಿ. ನೆನೆದ ಮೇಲೆ ಎತ್ತಿಕೊಳ್ಳಿ, ಎಳೆಯಬೇಡಿ. ಅದರಲ್ಲಿಯೂ ಕಾಳಿನ ಚೂರು, ಮರಳು ಇರುತ್ತದೆ.

ನೀರು ಎಲ್ಲಿಂದ ತರುವುದು?

ಬೆಂಗಳೂರಿನವರಿಗೆ ಇದು ಬರೀ ಉಳಿತಾಯದ ಪ್ರಶ್ನೆ ಅಲ್ಲ. 2024ರ ಮಾರ್ಚ್ ತಿಂಗಳ ನೀರಿನ ಬರದಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. 2025ರ ಫೆಬ್ರುವರಿಯಲ್ಲಿ ಮತ್ತೆ ಅಂಥದೇ ಆದೇಶ ಹೊರಡಿಸಿತು. ತಪ್ಪು ಮರುಕಳಿಸಿದರೆ 5,000ದ ಜೊತೆಗೆ ದಿನಕ್ಕೆ 500 ರೂಪಾಯಿ. ನಮ್ಮ ನಲ್ಲಿಗೆ ಬರುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಮೂರು ಹಂತಗಳಲ್ಲಿ ಪಂಪ್ ಆಗಿ ಮೇಲೇರಿ ಬರುತ್ತದೆ. ಅಷ್ಟು ಕಷ್ಟಪಟ್ಟು ಬಂದ ನೀರನ್ನು ಟೈರಿನ ಮೇಲೆ ಸುರಿಯಲು ಮನಸ್ಸಾದರೂ ಹೇಗೆ ಬರುತ್ತದೆ?

ಪೈಪು ಹಿಡಿದು ತೊಳೆದರೆ ಎಷ್ಟು ನೀರು ಹೋಗುತ್ತದೆ ಎಂದು ನೀವೇ ಅಳೆದು ನೋಡಬಹುದು. ಪೈಪನ್ನು 20 ಲೀಟರಿನ ಬಕೆಟ್ಟಿಗೆ ಬಿಟ್ಟು ಗಡಿಯಾರ ನೋಡಿ. ನಮ್ಮ ಮನೆಯ ತಾರಸಿ ಟ್ಯಾಂಕಿನಿಂದ ಬರುವ ನೀರಿಗೆ ಒಂದೂಮುಕ್ಕಾಲು ನಿಮಿಷ ಹಿಡಿಯಿತು. ಅಂದರೆ ನಿಮಿಷಕ್ಕೆ 11 ಲೀಟರಿನ ಮೇಲೆ. ಹದಿನೈದು ನಿಮಿಷ ಪೈಪು ತೆರೆದಿಟ್ಟರೆ 170 ಲೀಟರ್ ಚರಂಡಿ ಪಾಲು.

ಕುಡಿಯುವ ನೀರು ಬೇಡ ಎಂದಾದರೆ ಮನೆಯಲ್ಲೇ ಬೇರೆ ನೀರಿದೆ. ಎಲ್ಲಕ್ಕಿಂತ ಒಳ್ಳೆಯದು ಮಳೆನೀರು. ಅದರಲ್ಲಿ ಲವಣಗಳು ಬಹಳ ಕಡಿಮೆ, ಒಣಗಿದ ಮೇಲೆ ಕಲೆ ಉಳಿಸುವುದಿಲ್ಲ. ಮಳೆನೀರು ಸಂಗ್ರಹದ ತೊಟ್ಟಿ ಇರುವ ಮನೆಯವರು ಪುಣ್ಯವಂತರು. ಎ.ಸಿ. ಯಂತ್ರದ ಪೈಪಿನಿಂದ ತೊಟ್ಟಿಕ್ಕುವ ನೀರೂ ಹೀಗೆಯೇ, ಗಾಳಿಯ ತೇವ ತಣಿದು ಆದ ನೀರದು. ಒಂದು ಕ್ಯಾನ್ ಇಟ್ಟು ಹಿಡಿದುಕೊಳ್ಳಿ. ಕುಡಿಯುವ ನೀರಿನ ಆರ್.ಒ. ಯಂತ್ರ ಹೊರಹಾಕುವ ನೀರನ್ನು ಬಳಸಬಹುದೇ ಎಂದು ಬಹಳ ಜನ ಕೇಳುತ್ತಾರೆ. ಬಳಸಬಹುದು, ಆದರೆ ಟೈರಿಗೆ, ಮಡ್‌ಗಾರ್ಡಿನ ಒಳಭಾಗಕ್ಕೆ, ಕಾಲಿನ ಮ್ಯಾಟಿಗೆ ಮಾತ್ರ. ಯಂತ್ರ ಬೇರ್ಪಡಿಸಿದ ಲವಣವೆಲ್ಲ ಆ ನೀರಿನಲ್ಲೇ ಸೇರಿರುತ್ತದೆ. ಬಣ್ಣದ ಮೇಲೆ, ಗಾಜಿನ ಮೇಲೆ ಒಣಗಿದರೆ ಬಿಳಿ ಚುಕ್ಕೆ ಖಂಡಿತ. ಅಪಾರ್ಟ್‌ಮೆಂಟುಗಳ ಎಸ್‌.ಟಿ.ಪಿ., ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕದ ನೀರಿಗೂ ನಾನು ಇದೇ ಮಾತು ಹೇಳುತ್ತೇನೆ. ಕೈಗವಸು ಹಾಕಿಕೊಂಡು ಟೈರು ತೊಳೆಯಲು ಅದು ಸಾಕು.

ಕೊಳವೆಬಾವಿಯ ನೀರು ಇರುವವರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಕೋಲಾರ, ತುಮಕೂರು, ವಿಜಯಪುರದ ಕಡೆ ಬಹಳ ಊರುಗಳಲ್ಲಿ ಈ ನೀರು ಗಡಸು. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಹೆಚ್ಚು. ಬಚ್ಚಲ ನಲ್ಲಿಯ ಮೇಲೆ ಬಿಳಿ ಹೆಪ್ಪು ಕಟ್ಟುತ್ತದಲ್ಲ, ಅದೇ ಕಾರಿನ ಮೇಲೂ ಕಟ್ಟುತ್ತದೆ. ಇಂಥ ನೀರಿನಿಂದ ತೊಳೆಯಬಾರದು ಎಂದಲ್ಲ. ಅದನ್ನು ಕಾರಿನ ಮೇಲೆ ಒಣಗಲು ಬಿಡಬಾರದು, ಅಷ್ಟೇ. ತೊಳೆದ ಕೂಡಲೇ ಒರೆಸಿ. ಈಗಾಗಲೇ ಚುಕ್ಕೆ ಕೂತಿದ್ದರೆ ಒಂದು ಪಾಲು ಬಿಳಿ ವಿನೆಗರಿಗೆ ಒಂದು ಪಾಲು ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ, ಚುಕ್ಕೆಯ ಮೇಲೆ ಒಂದು ನಿಮಿಷ ಇಟ್ಟು ಒರೆಸಿ, ಕೂಡಲೇ ಒಳ್ಳೆಯ ನೀರಿನಿಂದ ತೊಳೆದುಬಿಡಿ. ಬಿಸಿಲಲ್ಲಿ ಇದನ್ನು ಮಾಡಬೇಡಿ.

ಏನೇನು ಬೇಕು

ಎರಡು ಬಕೆಟ್, ಒಂದು ಮಗ್. ಗಿಡಗಳಿಗೆ ನೀರು ಚಿಮುಕಿಸುವ, ಕೈಯಿಂದ ಪಂಪ್ ಮಾಡುವ ಎರಡು ಲೀಟರಿನ ಸ್ಪ್ರೇಯರ್. ಇದೊಂದನ್ನು ದಯವಿಟ್ಟು ಕೊಳ್ಳಿ, ನೀರು ಉಳಿಸುವುದು ಇದೇ. ಹೊಲಕ್ಕೆ ಔಷಧಿ ಹೊಡೆಯುವ ಬೆನ್ನಿನ ಸ್ಪ್ರೇಯರ್ ಮನೆಯಲ್ಲಿದೆ, ಅದು ಆಗದೇ ಎಂದು ಹಳ್ಳಿಯ ಗೆಳೆಯರು ಕೇಳಿದ್ದಾರೆ. ಹೊಸದಾದರೆ ಆಗುತ್ತದೆ. ಒಮ್ಮೆ ಕಳೆನಾಶಕವೋ ಕೀಟನಾಶಕವೋ ತುಂಬಿದ್ದನ್ನು ಬಳಸಬೇಡಿ. ಎಷ್ಟು ತೊಳೆದರೂ ಒಳಗೆ ಅಂಶ ಉಳಿದಿರುತ್ತದೆ, ಮತ್ತು ನೀವು ಮುಟ್ಟುವ ಬಾಗಿಲ ಹಿಡಿಗೆ ಅದು ತಾಗುತ್ತದೆ.

ಉಜ್ಜಲು ಮೈಕ್ರೋಫೈಬರ್ ಮಿಟ್, ಅಂದರೆ ಕೈಗೆ ಚೀಲದಂತೆ ಹಾಕಿಕೊಳ್ಳುವ, ಮೃದುವಾದ ಎಳೆಗಳಿರುವ ಗವಸು. ಮೈಕ್ರೋಫೈಬರ್ ಎಂದರೆ ಪಾಲಿಯೆಸ್ಟರ್ ಮತ್ತು ನೈಲಾನ್ ಜಾತಿಯ ಬಹಳ ಸಣ್ಣ ಎಳೆಗಳಿಂದ ಮಾಡಿದ ಬಟ್ಟೆ. ದೂಳಿನ ಕಣ ಈ ಎಳೆಗಳ ನಡುವೆ ಒಳಕ್ಕೆ ಹೋಗಿ ಕೂರುತ್ತದೆ, ಆದ್ದರಿಂದ ಬಣ್ಣಕ್ಕೆ ಅಷ್ಟಾಗಿ ಉಜ್ಜುವುದಿಲ್ಲ. ಸ್ಪಂಜಿನಲ್ಲಿ ಹಾಗಾಗದು. ಅದರ ಮುಖ ಚಪ್ಪಟೆ, ಸಿಕ್ಕ ಮರಳು ಮೇಲ್ಮೈಯಲ್ಲೇ ನಿಲ್ಲುತ್ತದೆ. ನೀರು ಒರೆಸಲು ದಪ್ಪನೆಯ ದೊಡ್ಡ ಮೈಕ್ರೋಫೈಬರ್ ಟವೆಲ್ ಒಂದು, ಗಾಜಿಗೆ ತೆಳ್ಳನೆಯದು ಒಂದು, ಬಾಗಿಲ ಸಂದಿಗೆ ಒಂದು. ಟೈರಿಗೆ ಬೇರೆ ಬ್ರಷ್, ಬೇರೆ ಬಟ್ಟೆ. ಬ್ರೇಕ್ ಪ್ಯಾಡ್ ಸವೆದು ಉದುರುವ ಲೋಹದ ಪುಡಿ ಚಕ್ರದ ಮೇಲೆ ಕೂತಿರುತ್ತದೆ. ಆ ಬಟ್ಟೆ ಬಾನೆಟ್ ಮುಟ್ಟಬಾರದು.

ಶಾಂಪೂ ಬಗ್ಗೆ ಹೆಚ್ಚು ಸಂದೇಹ. ಪಾತ್ರೆ ತೊಳೆಯುವ ದ್ರವ ಸಾಲದೇ? ತಲೆಗೆ ಹಾಕುವ ಶಾಂಪೂ? ಬಟ್ಟೆಯ ಪೌಡರ್? ಪೌಡರ್ ಖಂಡಿತ ಬೇಡ. ಅದರಲ್ಲಿ ಸೋಡಾ ಇರುತ್ತದೆ, ಕ್ಷಾರ ಹೆಚ್ಚು, ಕರಗದ ಕಣಗಳೂ ಇರುತ್ತವೆ. ಪಾತ್ರೆಯ ದ್ರವ ಜಿಡ್ಡು ಬಿಡಿಸಲೆಂದೇ ಮಾಡಿದ್ದು. ಕಾರಿನ ಮೇಲಿನ ವ್ಯಾಕ್ಸ್, ಅಂದರೆ ರಕ್ಷಣೆಯ ಮೇಣವೂ ಅದಕ್ಕೆ ಜಿಡ್ಡೇ, ತೆಗೆದುಹಾಕುತ್ತದೆ. ಒಂದು ಸಲ ಬಳಸಿದರೆ ಕಾರು ಹಾಳಾಗುವುದಿಲ್ಲ, ಅಭ್ಯಾಸ ಮಾಡಿಕೊಳ್ಳಬೇಡಿ. ಕಾರಿನ ಶಾಂಪೂ ಬಟ್ಟೆ ಜಾರುವಂತೆ ಮಾಡುತ್ತದೆ, ಮೇಣಕ್ಕೆ ಕೈಹಾಕುವುದಿಲ್ಲ. ಬಾಟಲಿಯ ಮೇಲೆ ಪಿ.ಎಚ್. ನ್ಯೂಟ್ರಲ್ ಎಂದಿದ್ದರೆ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ ಎಂದರ್ಥ. ಅದನ್ನೇ ಕೊಳ್ಳಿ. ಇನ್ನು ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಒರೆಸುವ ಹಳೆಯ ಪದ್ಧತಿ. ಒಂದು ದಿನ ಹೊಳೆಯುತ್ತದೆ, ಆ ಜಿಡ್ಡಿಗೆ ಮರುದಿನ ದುಪ್ಪಟ್ಟು ದೂಳು ಮೆತ್ತುತ್ತದೆ, ಕಿಟಕಿಯ ರಬ್ಬರ್ ಬೀಡಿಂಗ್ ಉಬ್ಬಿ ಹಾಳಾಗುತ್ತದೆ. ಬಿಟ್ಟುಬಿಡಿ.

ತೊಳೆಯುವ ಕ್ರಮ

ಬೆಳಗ್ಗೆ ಎಂಟರ ಒಳಗೆ ಅಥವಾ ಸಂಜೆ ಐದರ ಮೇಲೆ, ನೆರಳಿನಲ್ಲಿ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೂ ಅರ್ಧ ಗಂಟೆ ಕಾಯಿರಿ. ಬಿಸಿ ತಗಡಿನ ಮೇಲೆ ಶಾಂಪೂ ನೀರು ನೀವು ತೊಳೆಯುವ ಮೊದಲೇ ಒಣಗಿ ಕಲೆಯಾಗುತ್ತದೆ.

ಮೊದಲು ವೈಪರಿನ ಬುಡದ ಜಾಲರಿಯಲ್ಲಿ ಸಿಕ್ಕಿರುವ ಎಲೆ, ಹೂವು, ಕಡ್ಡಿಗಳನ್ನು ಕೈಯಿಂದ ಹೆಕ್ಕಿ ತೆಗೆಯಿರಿ. ಹೊಂಗೆ ಮರದ ಕೆಳಗೆ ನಿಲ್ಲಿಸುವವರ ಕಾರಿನಲ್ಲಿ ಬೇಸಿಗೆ ಮೊದಲಾಗುವ ಹೊತ್ತಿಗೆ ಇಲ್ಲಿ ಹೂವಿನ ರಾಶಿಯೇ ಇರುತ್ತದೆ. ಇದು ಅಂದಕ್ಕಾಗಿ ಮಾಡುವ ಕೆಲಸವಲ್ಲ. ಅಲ್ಲಿಂದ ಮಳೆನೀರು ಹರಿದುಹೋಗುವ ದಾರಿ ಇರುತ್ತದೆ. ಎಲೆ ಕೊಳೆತು ಕಟ್ಟಿಕೊಂಡರೆ ಜೋರು ಮಳೆಯಲ್ಲಿ ನೀರು ಕಾರಿನೊಳಗೆ, ಕಾಲಡಿಗೆ ಇಳಿಯುತ್ತದೆ.

ಆಮೇಲೆ ಚಕ್ರ. ಐದು ಲೀಟರ್ ನೀರು, ಬ್ರಷ್, ಬೇರೆ ಬಟ್ಟೆ. ಚಕ್ರ ಕೊನೆಗೆ ತೊಳೆದರೆ ಕೆಸರು ಹನಿ ಚಿಮ್ಮಿ ತೊಳೆದ ಬಾಗಿಲು ಮತ್ತೆ ಕೊಳೆಯಾಗುತ್ತದೆ. ಆದ್ದರಿಂದ ಮೊದಲೇ ಮುಗಿಸಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಹಂತ. ಸ್ಪ್ರೇಯರಿನಲ್ಲಿ ಬರೀ ನೀರು ತುಂಬಿ ಇಡೀ ಕಾರಿಗೆ ಮೇಲಿನಿಂದ ಕೆಳಕ್ಕೆ ಚಿಮುಕಿಸಿ. ಮೂರು ಸಲ ತುಂಬಿದರೆ ಆರು ಲೀಟರ್. ಎರಡು ನಿಮಿಷ ಬಿಡಿ, ಕೆಸರು ನೆನೆಯಲಿ, ಕೊನೆಯ ಸಲ ಮತ್ತೆ ಹೊಡೆಯಿರಿ. ಕಂದು ನೀರು ಇಳಿಯುವುದು ಕಣ್ಣಿಗೇ ಕಾಣುತ್ತದೆ. ಆ ನೀರು ತಿಳಿಯಾಗುವವರೆಗೆ ಕೈ ಮುಟ್ಟಿಸಬೇಡಿ. ಅವಸರ ಇರುವ ದಿನ ಬೇರೆ ಯಾವ ಹಂತವನ್ನಾದರೂ ಮೊಟಕು ಮಾಡಿ, ಇದನ್ನು ಮಾತ್ರ ಬೇಡ.

ಒಂದು ಬಕೆಟ್ಟಿನಲ್ಲಿ ಎಂಟು ಲೀಟರ್ ನೀರಿಗೆ ಶಾಂಪೂ, ಬಾಟಲಿಯ ಮೇಲೆ ಬರೆದ ಅಳತೆಯಷ್ಟೇ. ಸಾಮಾನ್ಯವಾಗಿ ಒಂದೆರಡು ಮುಚ್ಚಳ ಆಗುತ್ತದೆ. ನೊರೆ ಹೆಚ್ಚಾದಷ್ಟೂ ಕೊಳೆ ಹೋಗುತ್ತದೆ ಎಂಬುದು ತಪ್ಪು ತಿಳಿವಳಿಕೆ, ತೊಳೆಯಲು ನೀರು ಮಾತ್ರ ಹೆಚ್ಚು ಬೇಕಾಗುತ್ತದೆ. ಇನ್ನೊಂದು ಬಕೆಟ್ಟಿನಲ್ಲಿ ಎಂಟು ಲೀಟರ್ ಬರೀ ನೀರು. ಮಿಟ್ಟನ್ನು ಶಾಂಪೂ ನೀರಿನಲ್ಲಿ ಅದ್ದಿ ಒಂದು ಭಾಗ ಒರೆಸಿ, ಬರೀ ನೀರಿನಲ್ಲಿ ಜಾಲಿಸಿ, ಹಿಂಡಿ, ಮತ್ತೆ ಶಾಂಪೂಗೆ ಅದ್ದಿ. ಎರಡು ಬಕೆಟ್ ಯಾಕೆ ಎಂದರೆ ಕಾರಿನಿಂದ ಬಂದ ಮರಳು ಶಾಂಪೂ ನೀರಿಗೆ ಸೇರಬಾರದು. ಒಂದೇ ಬಕೆಟ್ ಇಟ್ಟುಕೊಂಡರೆ ತೆಗೆದ ಮರಳನ್ನೇ ಮತ್ತೆ ಕಾರಿಗೆ ಹಚ್ಚಿದಂತೆ. ಕೆಲಸ ಮುಗಿದ ಮೇಲೆ ಜಾಲಿಸಿದ ಬಕೆಟ್ಟಿನ ತಳಕ್ಕೆ ಕೈಹಾಕಿ ನೋಡಿ, ಬೆರಳಿಗೆ ಮರಳು ಸಿಗುತ್ತದೆ. ತಳದ ಮರಳು ಮೇಲೇಳದಂತೆ ಗ್ರಿಟ್ ಗಾರ್ಡ್ ಎಂಬ ಪ್ಲಾಸ್ಟಿಕ್ ಜಾಲರಿ ಮಾರುಕಟ್ಟೆಯಲ್ಲಿ ಸಿಗುತ್ತದೆ. ಬಕೆಟ್ಟಿಗೆ ಬಿಗಿಯಾಗಿ ಕೂರುವ ತೂತುಬುಟ್ಟಿ ಮನೆಯಲ್ಲಿದ್ದರೆ ಅದನ್ನು ಕವುಚಿಟ್ಟರೂ ಆಯಿತು.

ಮಾಡಿನಿಂದ ಶುರುಮಾಡಿ. ಆಮೇಲೆ ಗಾಜುಗಳು, ಬಾನೆಟ್, ಡಿಕ್ಕಿ, ಬಾಗಿಲುಗಳ ಮೇಲಿನ ಅರ್ಧ. ಬಾಗಿಲ ಕೆಳಭಾಗ, ಬಂಪರ್ ಕೊನೆಗೆ. ರಸ್ತೆಯ ಮರಳು ಹೆಚ್ಚು ಸಿಡಿಯುವುದು ಸೊಂಟದಿಂದ ಕೆಳಗೇ. ಕೈಯನ್ನು ದೋಸೆ ಹುಯ್ಯುವಂತೆ ಸುತ್ತ ಆಡಿಸಬೇಡಿ, ಮುಂದಿನಿಂದ ಹಿಂದಕ್ಕೆ ನೇರ ಗೆರೆಯಲ್ಲಿ ಆಡಿಸಿ. ಅಕಸ್ಮಾತ್ ಗೀರು ಬಿದ್ದರೂ ನೇರ ಗೆರೆ ಒಂದು ಕೋನದಿಂದ ಮಾತ್ರ ಕಾಣುತ್ತದೆ, ಸುತ್ತಿದ್ದು ಎಲ್ಲ ಕಡೆಯಿಂದಲೂ ಹೊಳೆಯುತ್ತದೆ. ಒತ್ತುವುದು ಬೇಡ, ಮಿಟ್ಟಿನ ಭಾರವೇ ಸಾಕು. ಒಂದು ಭಾಗದ ಶಾಂಪೂ ಆರುವ ಮೊದಲು ಆ ಭಾಗವನ್ನು ಸ್ಪ್ರೇಯರಿನಿಂದ ತೊಳೆದುಬಿಡಿ. ಇಡೀ ಕಾರಿನ ಶಾಂಪೂ ಹೀಗೆ ತೊಳೆಯಲು 12 ಲೀಟರ್ ಇಟ್ಟುಕೊಳ್ಳಿ. ಐದು, ಆರು, ಎಂಟು, ಎಂಟು, ಹನ್ನೆರಡು. ಕೂಡಿ ನೋಡಿದರೆ 39 ಲೀಟರ್.

ಒರೆಸುವಾಗ ಟವೆಲನ್ನು ಹಾಸಿ, ಮೆಲ್ಲಗೆ ಒತ್ತಿ, ಎತ್ತಿಕೊಳ್ಳಿ. ಬಾನೆಟ್ಟಿಗೆ ಹಾಸಿ ಎರಡು ಮೂಲೆ ಹಿಡಿದು ನಿಧಾನಕ್ಕೆ ಎಳೆದರೂ ಆಗುತ್ತದೆ. ನಾಲ್ಕೂ ಬಾಗಿಲು ತೆರೆದು ಚೌಕಟ್ಟು ಒರೆಸಿ. ಬಾಗಿಲಿನ ತಳದ ಅಂಚಿನಲ್ಲಿ ಸಣ್ಣ ತೂತುಗಳಿವೆ, ಗಾಜಿನ ಸಂದಿಯಿಂದ ಒಳಗಿಳಿದ ನೀರು ಹೊರಬರುವ ದಾರಿ ಅದು. ಮಣ್ಣು ತುಂಬಿ ಮುಚ್ಚಿದರೆ ಬಾಗಿಲು ಒಳಗಿನಿಂದ ತುಕ್ಕು ಹಿಡಿಯುತ್ತದೆ. ತೆಂಗಿನ ಗರಿಯ ಕಡ್ಡಿಯಿಂದ ಬಿಡಿಸಿಕೊಳ್ಳಿ. ವೈಪರಿನ ರಬ್ಬರನ್ನೂ ಒದ್ದೆ ಬಟ್ಟೆಯಿಂದ ಒಮ್ಮೆ ಎಳೆದುಬಿಡಿ, ಬಟ್ಟೆಗೆ ಬರುವ ಕಪ್ಪು ನೋಡಿದರೆ ಮಳೆಯಲ್ಲಿ ಗಾಜು ಯಾಕೆ ಮಂಜಾಗುತ್ತಿತ್ತು ಎಂದು ತಿಳಿಯುತ್ತದೆ.

ತೊಳೆದ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆದು ಮೂರು ದಿನ ನಿಲ್ಲಿಸಬೇಡಿ. ಬೀದಿಯ ಕೊನೆಯವರೆಗೆ ಹೋಗಿ, ಎರಡು ಮೂರು ಸಲ ಮೆಲ್ಲಗೆ ಬ್ರೇಕ್ ಹಾಕಿ ಬನ್ನಿ. ಬ್ರೇಕಿನ ಬಿಲ್ಲೆ ಎರಕದ ಕಬ್ಬಿಣದ್ದು, ಒದ್ದೆಯಾದರೆ ಕೆಲವೇ ಗಂಟೆಗಳಲ್ಲಿ ಕಂದು ತುಕ್ಕಿನ ಪೊರೆ ಬರುತ್ತದೆ. ಅದನ್ನು ಕಂಡು ಹೆದರಿ ಮೆಕ್ಯಾನಿಕ್ ಹತ್ತಿರ ಓಡುವವರಿದ್ದಾರೆ. ಸ್ವಲ್ಪ ದೂರ ಓಡಿಸಿದರೆ ತಾನೇ ಉಜ್ಜಿಹೋಗುತ್ತದೆ. ಆದರೆ ಒದ್ದೆ ಬ್ರೇಕನ್ನು ಒತ್ತಿಯೇ ನಿಲ್ಲಿಸಿದರೆ ಪ್ಯಾಡ್ ಅಂಟಿಕೊಳ್ಳಬಹುದು.

ನೀರು ಸುರಿಯಲು ಬಿಡದ ಅಪಾರ್ಟ್‌ಮೆಂಟ್ ನೆಲಮಾಳಿಗೆಯಲ್ಲಿ ಏನು ಮಾಡುವುದು? ಅಲ್ಲಿಗೆ ರಿನ್ಸ್‌ಲೆಸ್ ವಾಶ್ ಎಂಬ ದ್ರವ ಇದೆ. ಕೊನೆಗೆ ನೀರು ಸುರಿದು ತೊಳೆಯಬೇಕಾಗಿಲ್ಲದ ಶಾಂಪೂ ಎನ್ನಬಹುದು. ಏಳೆಂಟು ಲೀಟರ್ ನೀರಿಗೆ ಸುಮಾರು 30 ಮಿಲಿಲೀಟರ್. ಅದರಲ್ಲಿರುವ ಪಾಲಿಮರ್, ಅಂದರೆ ಉದ್ದ ಸರಪಳಿಯಂಥ ಅಣುಗಳ ರಾಸಾಯನಿಕ, ದೂಳಿನ ಕಣವನ್ನು ಸುತ್ತಿಕೊಂಡು ಜಾರುವಂತೆ ಮಾಡುತ್ತದೆ. ಇದನ್ನು ಮೊದಲು ಚಿಮುಕಿಸಿ, ನೆನೆದ ಮೇಲೆ ಅದೇ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ತೇವ ತೆಗೆಯಿರಿ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರೆ ಎಂಟು ಮುಖ ಸಿಗುತ್ತದೆ. ಒಂದೊಂದು ಭಾಗಕ್ಕೆ ಒಂದೊಂದು ಹೊಸ ಮುಖ. ನಗರದ ದೂಳಿಗೆ ಇದು ಚೆನ್ನಾಗಿ ಆಗುತ್ತದೆ. ಕೆಸರು ಮೆತ್ತಿದ ಕಾರಿಗೆ ಮಾತ್ರ ಬೇಡ.

ಕಾರು ಒರೆಸಲು ತಿಂಗಳ ಲೆಕ್ಕದಲ್ಲಿ ಜನ ಇಟ್ಟುಕೊಂಡಿರುವವರು ಬಹಳ. ಅವರು ಒಂದೇ ಬೆಳಗ್ಗೆ ಹತ್ತಿಪ್ಪತ್ತು ಕಾರು ಮುಗಿಸಬೇಕು. ಒಂದೇ ಬಕೆಟ್, ಒಂದೇ ಬಟ್ಟೆ. ಪಕ್ಕದ ಕಾರಿನ ಮರಳು ನಿಮ್ಮ ಕಾರಿಗೆ ಬರುತ್ತದೆ. ತಪ್ಪು ಅವರದಲ್ಲ, ನಾವು ಅವರಿಗೆ ಕೊಟ್ಟ ಕೆಲಸದ ರೀತಿಯದು. ನಮ್ಮಲ್ಲಿ ಬರುವ ಅಣ್ಣನಿಗೆ ನಾನು ಹೀಗೆ ಹೇಳಿದೆ: ಸಂಬಳ ಅಷ್ಟೇ ಇರಲಿ, ದಿನಾ ಬೇಡ, ವಾರಕ್ಕೆ ಎರಡೇ ಸಲ ಸಾಕು, ನಮ್ಮದೇ ಬಕೆಟ್, ನಮ್ಮದೇ ಬಟ್ಟೆ, ಮೊದಲು ನೀರು ಚಿಮುಕಿಸಿ. ಅವರಿಗೂ ಬಿಡುವಾಯಿತು, ಕಾರಿಗೂ ಒಳ್ಳೆಯದಾಯಿತು.

ಊರಿಗೆ ತಕ್ಕ ಕೊಳೆ

ಮಂಗಳೂರು, ಉಡುಪಿ, ಕಾರವಾರದವರಿಗೆ ಶತ್ರು ಉಪ್ಪುಗಾಳಿ. ಮಲ್ಪೆಗೋ ಗೋಕರ್ಣಕ್ಕೋ ಹೋಗಿ ಬಂದವರೂ ಅಷ್ಟೇ, ಅಂದು ಸಂಜೆಯೇ ಕಾರಿನ ತಳಭಾಗಕ್ಕೆ, ಮಡ್‌ಗಾರ್ಡಿನ ಒಳಗೆ ಸಿಹಿನೀರು ಹೊಡೆಯಿರಿ. ಉಪ್ಪು ತೇವವನ್ನು ಹಿಡಿದಿಟ್ಟು ತುಕ್ಕನ್ನು ಬೇಗ ಬರಿಸುತ್ತದೆ. ಮೇಲಿನ ಬಣ್ಣಕ್ಕಿಂತ ಕಣ್ಣಿಗೆ ಕಾಣದ ತಳವೇ ಮೊದಲು ಹೋಗುವುದು.

ಧಾರವಾಡ, ಗದಗ, ಕಲಬುರಗಿ ಕಡೆಯ ಎರೆಮಣ್ಣು ಇನ್ನೊಂದು ರೀತಿ. ಹಸಿಯಿದ್ದಾಗ ಅಂಟಿನಂತೆ, ಒಣಗಿದ ಮೇಲೆ ಇಟ್ಟಿಗೆಯಂತೆ. ಚಕ್ರದ ಮೇಲಿನ ಕಮಾನಿನಲ್ಲಿ ಮೆತ್ತಿಕೊಂಡು ವಾರಗಟ್ಟಲೆ ಒಳಗೆ ತೇವ ಇಟ್ಟುಕೊಳ್ಳುತ್ತದೆ. ಕುರ್ಚಿಗೆಯಿಂದ ಕೆರೆದರೆ ತುಕ್ಕುತಡೆ ಲೇಪವೂ ಕಿತ್ತುಬರುತ್ತದೆ. ಒದ್ದೆ ಗೋಣಿಚೀಲ ತುರುಕಿ ಅರ್ಧ ಗಂಟೆ ಬಿಡಿ, ಮಣ್ಣು ಮೆತ್ತಗಾದ ಮೇಲೆ ಮರದ ತುಂಡಿನಿಂದ ಬಿಡಿಸಿ. ಸಂಡೂರು, ಹೊಸಪೇಟೆ ರಸ್ತೆಯ ಕೆಂಪು ಅದಿರಿನ ದೂಳಂತೂ ಬರೀ ಮಣ್ಣಲ್ಲ, ಗಡಸು ಖನಿಜದ ಪುಡಿ. ಅಲ್ಲಿಯ ಕಾರುಗಳಿಗೆ ಒಣ ಒರೆಸು ಎಂದಿಗೂ ಬೇಡ, ನೀರು ಚಿಮುಕಿಸುವ ಹಂತವನ್ನು ಎರಡು ಸಲ ಮಾಡಿ.

ಹೊಸ ಡಾಂಬರಿನ ಕಪ್ಪು ಚುಕ್ಕೆಗೆ ಅಡುಗೆ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟರೆ ಮೆತ್ತಗಾಗಿ ಬಿಡುತ್ತದೆ. ಆಮೇಲೆ ಆ ಜಾಗಕ್ಕೆ ಶಾಂಪೂ ಹಾಕಿ ಎಣ್ಣೆ ತೆಗೆಯಿರಿ. ಮರದ ಅಂಟಿಗೆ ಕೈಗೆ ಹಾಕುವ ಸ್ಯಾನಿಟೈಸರ್ ಸ್ವಲ್ಪ ಸಾಕು, ಅದರ ಮದ್ಯಸಾರ ಅಂಟನ್ನು ಕರಗಿಸುತ್ತದೆ. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ, ಬೇಗ ತೊಳೆದುಬಿಡಿ.

ಆಯುಧಪೂಜೆ ಬಂದಾಗ ನಮ್ಮ ಕಾರುಗಳಿಗೆ ವರ್ಷದ ದೊಡ್ಡ ಸ್ನಾನ. ಪೂಜೆ ಭಕ್ತಿಯಿಂದ ಮಾಡೋಣ, ಬಣ್ಣವನ್ನೂ ಕಾಪಾಡೋಣ. ಕುಂಕುಮವನ್ನು ಗಾಜಿನ ಮೇಲೆ, ನಂಬರ್ ಪ್ಲೇಟಿನ ಅಂಕಿಗಳನ್ನು ಬಿಟ್ಟು ಪಕ್ಕದಲ್ಲಿ ಇಡಬಹುದು. ಬಿಳಿ ಕಾರಿನ ಬಣ್ಣದ ಮೇಲೆ ಒದ್ದೆ ಕುಂಕುಮ ಇಟ್ಟು ವಾರ ಬಿಟ್ಟರೆ ಗುಲಾಬಿ ಕಲೆ ಹೋಗಲು ಒಪ್ಪುವುದಿಲ್ಲ. ಹೂವಿನ ಹಾರದ ದಾರ, ಬಾಳೆಕಂದಿನ ಅಂಚು ಗಾಳಿಗೆ ಬಡಿದಾಡದಂತೆ ಕಟ್ಟಿ, ಮರುದಿನವೇ ಬಿಚ್ಚಿ. ವಿಭೂತಿ, ಗಂಧವನ್ನು ಒಣಗಿದ ಮೇಲೆ ಉಜ್ಜಿ ತೆಗೆಯದೆ ನೀರು ಬಿಟ್ಟು ನೆನೆಸಿ ತೆಗೆಯಿರಿ. ಬಾಳೆಕಂದಿನ ರಸ ತಾಗಿದರೆ ಕೂಡಲೇ ತೊಳೆಯಬೇಕು, ಬಟ್ಟೆಯ ಮೇಲೆ ಬಿದ್ದ ಬಾಳೆಯ ಕಲೆ ಎಂಥದೆಂದು ನಿಮಗೇ ಗೊತ್ತು.

ಎಂಜಿನ್ ಭಾಗಕ್ಕೆ ನೀರು ಬೇಡ. ಅಲ್ಲಿ ಸೆನ್ಸರ್, ಫ್ಯೂಸ್ ಪೆಟ್ಟಿಗೆ, ವೈರುಗಳಿವೆ. ಒದ್ದೆ ಬಟ್ಟೆ ಹಿಂಡಿ ಒರೆಸಿದರೆ ಸಾಕು. ವಿದ್ಯುತ್ ಕಾರನ್ನು ತೊಳೆಯಬಹುದೇ? ತೊಳೆಯಬಹುದು, ಮಳೆಯಲ್ಲಿ ಓಡುವ ಕಾರು ತಾನೇ. ಚಾರ್ಜ್ ಆಗುತ್ತಿರುವಾಗ ಬೇಡ, ಚಾರ್ಜಿಂಗ್ ಮುಚ್ಚಳ ಮುಚ್ಚಿರಲಿ, ಅದಕ್ಕೆ ನೇರವಾಗಿ ನೀರು ಹೊಡೆಯಬೇಡಿ. ಹಿಂದಿನ ಗಾಜಿನ ಒಳಗಡೆಯ ಕಂದು ಗೆರೆಗಳು ಮಂಜು ತೆಗೆಯುವ ಹೀಟರ್ ತಂತಿಗಳು. ಗೆರೆಯ ಉದ್ದಕ್ಕೇ ಒರೆಸಿ, ಅಡ್ಡಕ್ಕೆ ತಿಕ್ಕಬೇಡಿ.

ಖರ್ಚು, ಮತ್ತು ಎಲ್ಲಿ ಕೊಳ್ಳುವುದು

ಬೆಲೆ ಅಂಗಡಿಯಿಂದ ಅಂಗಡಿಗೆ ಬೇರೆ, ಅಂದಾಜಿಗೆ ಹೇಳುತ್ತೇನೆ. ಎರಡು ಬಕೆಟ್ 400, ಸ್ಪ್ರೇಯರ್ 300ರಿಂದ 500, ಮಿಟ್ 250, ದೊಡ್ಡ ಟವೆಲ್ 400, ಸಣ್ಣ ಬಟ್ಟೆಗಳು 300, ಬ್ರಷ್ 100, ಅರ್ಧ ಲೀಟರ್ ಶಾಂಪೂ 300ರಿಂದ 400. ಎಲ್ಲ ಸೇರಿ ಎರಡು ಸಾವಿರದ ಆಸುಪಾಸು. ಒಮ್ಮೆಗೆ 20 ಮಿಲಿಲೀಟರ್ ಹಾಕಿದರೆ ಅರ್ಧ ಲೀಟರ್ ಶಾಂಪೂ 25 ಸಲಕ್ಕೆ ಬರುತ್ತದೆ. ಹೊರಗೆ ಒಮ್ಮೆ ಫೋಮ್ ವಾಶ್, ಅಂದರೆ ನೊರೆ ಹೊಡೆದು ತೊಳೆಸಲು ನಗರಗಳಲ್ಲಿ 400ರಿಂದ 700 ರೂಪಾಯಿ ಕೇಳುತ್ತಾರೆ. ಐದನೆಯ ಸಲಕ್ಕೆ ಸಾಮಾನಿನ ಖರ್ಚು ಹಿಂದೆ ಬಂದಿರುತ್ತದೆ.

ಪ್ರೆಶರ್ ವಾಶರ್, ಅಂದರೆ ಒತ್ತಡದಿಂದ ನೀರು ಹೊಡೆಯುವ ಯಂತ್ರ 5,000ದಿಂದ 10,000 ರೂಪಾಯಿಗೆ ಸಿಗುತ್ತದೆ. ಕೆಸರಿನ ಊರಿನವರಿಗೆ, ಅಂಗಳ ಇರುವವರಿಗೆ ಉಪಯೋಗ ಇದೆ. ಕಿತ್ತುಬಂದ ಬಣ್ಣದ ಅಂಚಿಗೆ, ರಬ್ಬರಿಗೆ ಹತ್ತಿರದಿಂದ ಹೊಡೆಯಬೇಡಿ. ಬರೀ ನಗರದ ದೂಳಿಗೆ ಅದರ ಅಗತ್ಯ ನನಗೆ ಕಂಡಿಲ್ಲ. ಮೂರು ತಿಂಗಳಿಗೊಮ್ಮೆ ವ್ಯಾಕ್ಸ್ ಹಚ್ಚಿದರೆ ನೀರು ಮುತ್ತಿನಂತೆ ಉರುಳಿ ಹೋಗುತ್ತದೆ, ಕೊಳೆ ಬಿಗಿಯಾಗಿ ಹಿಡಿಯುವುದಿಲ್ಲ, ತೊಳೆಯುವುದು ಸುಲಭ. ಒಂದು ಡಬ್ಬಿ 500ರಿಂದ 1,000, ವರ್ಷಕ್ಕಿಂತ ಹೆಚ್ಚು ಬರುತ್ತದೆ. ಹತ್ತಾರು ಸಾವಿರದ ಸೆರಾಮಿಕ್ ಲೇಪ ಹಾಕಿಸಿದರೆ ತೊಳೆಯುವುದೇ ಬೇಡ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದರ ಮೇಲೂ ದೂಳು ಕೂರುತ್ತದೆ, ಒಣ ಬಟ್ಟೆಯಿಂದ ಒರೆಸಿದರೆ ಅದಕ್ಕೂ ಗೀರು ಬೀಳುತ್ತದೆ.

ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಲ್ಲಿ ವಾಹನ ಸಾಮಗ್ರಿಯ ಅಂಗಡಿಗಳ ಸಾಲೇ ಇದೆ, ಬಟ್ಟೆಯನ್ನು ಮುಟ್ಟಿ ನೋಡಿ ಕೊಳ್ಳಬಹುದು. ಬೇರೆ ಊರುಗಳಲ್ಲಿ ಕಾರ್ ಆಕ್ಸೆಸರಿ ಅಂಗಡಿ, ಸ್ಪ್ರೇಯರಿಗೆ ನರ್ಸರಿ ಅಥವಾ ಗೊಬ್ಬರದ ಅಂಗಡಿ. ಬಟ್ಟೆ ಕೊಳ್ಳುವಾಗ ಜಿ.ಎಸ್.ಎಂ. ನೋಡಿ, ಒಂದು ಚದರ ಮೀಟರ್ ಬಟ್ಟೆಯ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ ಅದು. ಗಾಜಿಗೆ 300 ಸಾಕು, ನೀರು ಒರೆಸಲು 500ರ ಮೇಲೆ ಇರಲಿ. ಅಂಚಿಗೆ ಒರಟು ಹೊಲಿಗೆ ಇರುವುದು ಬೇಡ, ಚೀಟಿ ಇದ್ದರೆ ಕತ್ತರಿಸಿ ತೆಗೆಯಿರಿ.

ಬಳಸಿದ ಬಟ್ಟೆಗಳನ್ನು ಅಂದೇ ಸಾಬೂನಿನ ದ್ರವದಲ್ಲಿ ಒಗೆಯಿರಿ. ಹತ್ತಿ ಬಟ್ಟೆಯ ಜೊತೆ ಹಾಕಬೇಡಿ, ಅದರ ನೂಲಿನ ಪುಡಿಯೆಲ್ಲ ಮೈಕ್ರೋಫೈಬರಿನ ಎಳೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಬಟ್ಟೆ ಮೆದುಗೊಳಿಸುವ ಸುವಾಸನೆಯ ದ್ರವ ಹಾಕಿದರೆ ನೀರು ಹೀರುವ ಗುಣ ಹೋಗುತ್ತದೆ. ನೆರಳಿನಲ್ಲಿ ಒಣಗಿಸಿ, ದೂಳು ಬೀಳದಂತೆ ಮುಚ್ಚಳದ ಡಬ್ಬಿಯಲ್ಲಿಡಿ. ತೊಳೆಯುತ್ತಿರುವಾಗ ಬಟ್ಟೆ ಕೈಜಾರಿ ನೆಲಕ್ಕೆ ಬಿದ್ದರೆ ಕೊಡವಿ ಮತ್ತೆ ಬಾನೆಟ್ಟಿಗೆ ಹಾಕಬೇಡಿ. ಒಗೆದು ಬರುವವರೆಗೆ ಅದು ಟೈರಿನ ಬಟ್ಟೆ.